ಅದೊಂದು ವರ್ಷದ ನಾಕು ಪಿಕ್ಚರು

ಹೋದ ವಾರ ನಮ್ಮ ವೈನಿ ಮನಿ ಮಾಳಿಗಿ ಮ್ಯಾಲೆ ಸಂಡಿಗಿ ಹಾಕೋ ಕೆಲಸ ನಡದಿತ್ತು. ಕೈ ತಮ್ಮಷ್ಟಕ್ಕ ತಾವು ಸಂಡಿಗಿ ಇಡ್ತಿದ್ವು, ಬಾಯಿ ಪಿಕ್ಚರ್ ಸುದ್ದಿ ಹೇಳ್ತಿತ್ತು. ವೈನಿ ಸೊಸಿ ಈ ವರ್ಷ ಬಂದ ಸಿನೆಮಾಗಳನ್ನ ಬೆರಳು ಮಡಚಿ ಎಣಸ್ತಾ, ಇದು ಛೊಲೊ, ಇದು ಬರೀ ಗದ್ದಲ, ಇದರಾಗ ಹೀರೋಯಿನ್‌ಗೆ ಎರಡು ಹಾಡು ಬಿಟ್ರ ಕೆಲಸಾನೇ ಇಲ್ಲ ಅಂತ ತೀರ್ಪು ಕೊಡ್ಲಿಕ್ಕೆ ಹತ್ತಿದ್ಲು. ಕಡೀಕ ನನ್ನ ಕಡೆ ತಿರುಗಿ, "ಅತ್ಯಾ, ನಿಮ್ಮ ಕಾಲದಾಗ ಒಂದೇ ವರ್ಷದಾಗ ಎಷ್ಟು ಛೊಲೊ ಪಿಕ್ಚರ್ ನೋಡಿದ್ರಿ?" ಅಂತ ಕೇಳಿದ್ಲು.

"ನಾಕು" ಅಂದೆ. ಅಷ್ಟರಾಗ ಹಿಟ್ಟು ಆರಲಿಕ್ಕೆ ಹತ್ತೇದ ಅಂತ ವೈನಿ ಬೈದ್ರು, ಮಾತು ಅಲ್ಲಿಗೇ ನಿಂತಿತು. ಮನಿಗೆ ಬಂದ ಮ್ಯಾಲೂ ಆ ನಾಕು ಪಿಕ್ಚರ್ ತಲಿಯಿಂದ ಹೋಗಲೊಲ್ಲವು. ಅದಕ್ಕ ಅವುಗಳ ಕಥಿ ಇಲ್ಲಿ ಬರದು ಇಡ್ತೀನಿ.

ನಾನು ಹೇಳೋದು 1972–73ರ ಮಾತು. ನನಗವಾಗ ಹನ್ನೊಂದು ವರ್ಷ. ನಾವು ಗದಗದಾಗ ಇದ್ವಿ. ಗದಗ ಅವಾಗ ಧಾರವಾಡ ಜಿಲ್ಲಾದಾಗಿತ್ತು, ರಾಜ್ಯಕ್ಕ ಇನ್ನೂ ಮೈಸೂರು ಅಂತನ ಹೆಸರು. ಕರ್ನಾಟಕ ಅಂತ ಆಗಿದ್ದು 1973ರ ನವೆಂಬರ್ 1ಕ್ಕ. ಬೆಂಗಳೂರಾಗ ಬಂದ ಪಿಕ್ಚರ್ ನಮ್ಮ ಕಡೆ ಮುಟ್ಟಲಿಕ್ಕೆ ತಿಂಗಳುಗಟ್ಟಲೆ ಬೇಕಾಗ್ತಿತ್ತು. ಹಿಂಗಾಗಿ ಹಿಂದ ಮುಂದ ತಯಾರಾದ ನಾಕು ಪಿಕ್ಚರು ಒಂದೇ ವರ್ಷದಾಗ ನಮ್ಮ ಮನಿ ಹೆಣ್ಮಕ್ಕಳ ಕಣ್ಣಿಗೆ ಬಿದ್ವು: ಬಂಗಾರದ ಮನುಷ್ಯ, ವಂಶವೃಕ್ಷ, ನಾಗರಹಾವು, ಶರಪಂಜರ.

ಒಂದು ಮಾತು ಲಕ್ಷ್ಯದಾಗ ಇಡ್ರಿ. ಈ ನಾಕೂ ಕಾದಂಬರಿಯಿಂದ ಆದ ಪಿಕ್ಚರು. ಬಂಗಾರದ ಮನುಷ್ಯ ಟಿ.ಕೆ. ರಾಮರಾಯರದು, ವಂಶವೃಕ್ಷ ಎಸ್.ಎಲ್. ಭೈರಪ್ಪನವರದು, ನಾಗರಹಾವು ತ.ರಾ.ಸು. ಅವರದು, ಶರಪಂಜರ ತ್ರಿವೇಣಿಯವರದು. ನಮ್ಮ ಅವ್ವ, ಕಾಕು, ಮೌಶಿ ಎಲ್ಲಾರೂ ವಾಚನಾಲಯದ ಪುಸ್ತಕ ತರಿಸಿ, ಮಧ್ಯಾಹ್ನ ಮುಸುರಿ ತಿಕ್ಕಿದ ಮ್ಯಾಲೆ ಓದೋ ಮಂದಿ. ಒಬ್ಬರು ಓದಿದ್ದು ಓಣಿ ಎಲ್ಲಾ ತಿರುಗಿ, ಹಾಳಿಗೆ ಅರಿಷಿಣದ ಕಲೆ ಹಚ್ಚಿಕೊಂಡು ಹೊಳ್ಳಿ ಬರ್ತಿತ್ತು. ಕಥಿ ಮೊದಲ ಗೊತ್ತಿದ್ದು ಪಿಕ್ಚರ್‌ಗೆ ಹೋದವ್ರು ಇವರು. ಹಾಡು, ಹೊಡೆದಾಟ ಆಮ್ಯಾಲೆ. ಆ ಹೆಣ್ಣಿನ ಬಾಳೇವಕ್ಕ ಏನ್ ಮಾಡ್ಯಾರ ಅಂತ ಮೊದಲ ನೋಡವ್ರು.

ಬಂಗಾರದ ಮನುಷ್ಯನ ಸುದ್ದಿ ನಿಮಗೆಲ್ಲಾ ಗೊತ್ತದ. ಸಿದ್ದಲಿಂಗಯ್ಯನವರು ಮಾಡಿದ್ದು, 1972ರಾಗ ಬಂತು, ಬೆಂಗಳೂರಿನ ಸ್ಟೇಟ್ಸ್ ಟಾಕೀಜಿನಾಗ ಎರಡು ವರ್ಷ ನಡೀತು. ಪ್ಯಾಟಿ ಬಿಟ್ಟು ಹಳ್ಳಿಗೆ ಹೋಗಿ ಒಕ್ಕಲುತನ ಹಿಡದವ್ರು ಇದ್ದಾರ ಈ ಪಿಕ್ಚರ್ ನೋಡಿ ಅಂತ ಇವತ್ತಿಗೂ ಹೇಳ್ತಾರ. ರಾಜಕುಮಾರರ ರಾಜೀವ ಊಟದ ತಾಟು ಬಿಟ್ಟು ಎದ್ದು ಹೋಗೋ ಹೊತ್ತಿಗೆ ಟಾಕೀಜಿನಾಗ ಹೆಣ್ಮಕ್ಕಳ ಸೆರಗು ಒದ್ದಿ ಆಗಿದ್ವು. ಖರೇ ಹೇಳಬೇಕಂದ್ರ ನಾನೂ ಭಾಳ ಅತ್ತೆ. ಆದ್ರ ಹೊರಗ ಬಂದ ಮ್ಯಾಲೆ ಕಾಕು ಒಂದು ಮಾತು ಅಂದ್ರು: "ಅಕ್ಕನ ಸಂಸಾರ ಒಡೀಬಾರದಂತ ಭಾವನ ಎರಡನೇ ಹೆಂಡತಿ ಗುಟ್ಟು ಇಂವ ಹೊಟ್ಯಾಗ ಇಟ್ಟುಕೊಂಡ. ದೊಡ್ಡ ಮನಸ್ಸೇ. ಆದ್ರ ಗುಟ್ಟು ಮಾಡಿದಂವ ಸತ್ತು ಪಾರಾದ. ಆ ಶಾರದಮ್ಮ ಮಾತ್ರ ಜೀವನ ಪೂರ್ತಿ ಅಡಗಿ ಕೂಡಬೇಕಾತು." ಬಂಗಾರದ ಮನುಷ್ಯನ ಬಗ್ಗೆ ಇದಕ್ಕಿಂತ ಛೊಲೊ ಅಭಿಪ್ರಾಯ ನಾನು ಯಾವ ಪತ್ರಿಕಾದಾಗೂ ಓದಿಲ್ಲ.

ವಂಶವೃಕ್ಷ ನಮ್ಮೂರಾಗ ಭಾಳ ದಿನ ಇರಲಿಲ್ಲ. ಬಿ.ವಿ. ಕಾರಂತರು, ಗಿರೀಶ ಕಾರ್ನಾಡರು ಕೂಡಿ ಮಾಡಿದ್ದು, ಇಬ್ಬರಿಗೂ ಕೂಡಿ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ಕಾತ್ಯಾಯಿನಿ ಸಣ್ಣ ವಯಸ್ಸಿನಾಗ ಗಂಡನ್ನ ಕಳಕೊಂಡಾಕಿ. ಕಾಲೇಜಿಗೆ ಹೋಗಿ, ಅಲ್ಲಿ ರಾಜನ್ನ ಮೆಚ್ಚಿ, ಮಗನ್ನ ಮಾವನ ಮನಿಯಾಗ ಬಿಟ್ಟು ಎರಡನೇ ಮದುವಿ ಆಗ್ತಾಳ. ಅದರ ಸಂಕಟದಾಗೇ ಸವೀತಾಳ. ವಂಶ ವಂಶ ಅಂತ ಬದುಕಿದ ಶ್ರೋತ್ರಿಗಳಿಗೆ ಕಡೀಕ ತಮ್ಮ ಹುಟ್ಟಿನ ಗುಟ್ಟೇ ಗೊತ್ತಾಗ್ತದ. ಮಾವ ಮಾತ್ರ ಎಲ್ಲಾ ತಿಳಕೊಂಡು ದೊಡ್ಡಂವ ಆಗ್ತಾನ, ಸೊಸಿ ಸಾಯ್ತಾಳ. ಇದು ನನಗ ಅವಾಗೂ ಸರಿ ಅನಸಲಿಲ್ಲ, ಈಗೂ ಅನಸೂದಿಲ್ಲ. ಮನಿಯಾಗ ಕೆಂಪು ಸೀರಿ ಉಟ್ಟ ದೊಡ್ಡಜ್ಜಿ ಇದ್ರು, ಹದಿನಾಲ್ಕಕ್ಕ ವಿಧವೆ ಆದವ್ರು. ಟಾಕೀಜಿಗೆ ಬರೋ ಮಾತೇ ಇರಲಿಲ್ಲ. ಅವ್ವನ್ನ ಕೂಡಿಸಿಕೊಂಡು ಕಥಿ ಪೂರ್ತಿ ಕೇಳಿದ್ರು. ಎಲ್ಲಾ ಕೇಳಿ ಒಂದೇ ಪ್ರಶ್ನೆ ಕೇಳಿದ್ರು: "ಕಾಲೇಜಿಗೆ ಹೋಗ್ತೀನಿ ಅಂದ್ರ ಆ ಮಾವ ಬ್ಯಾಡ ಅನ್ನಲೇ ಇಲ್ಲೇನ?" ಇಲ್ಲ ಅಂದ್ಲು ಅವ್ವ. ದೊಡ್ಡಜ್ಜಿ ಬತ್ತಿ ಹೊಸೀಲಿಕ್ಕೆ ಹತ್ತಿದ್ರು, ಮುಂದ ಮಾತಾಡಲಿಲ್ಲ.

ನಾಗರಹಾವು 1972ರ ಡಿಸೆಂಬರ್ 29ಕ್ಕ ಬಿಡುಗಡೆ ಆತು, ನಮ್ಮ ಕಡೆ ಬಂದಿದ್ದು ಆಮ್ಯಾಲೆ. ತ.ರಾ.ಸು. ಅವರ ಮೂರು ಕಾದಂಬರಿ ಕೂಡಿಸಿ ಪುಟ್ಟಣ್ಣ ಕಣಗಾಲರು ಒಂದು ಪಿಕ್ಚರ್ ಮಾಡಿದ್ರು. ಚಿತ್ರದುರ್ಗದ ಕೋಟಿ, ವಿಷ್ಣುವರ್ಧನರ ಸಿಟ್ಟು, ಅಶ್ವತ್ಥರ ಚಾಮಯ್ಯ ಮೇಷ್ಟ್ರು, ಓಬವ್ವ ಆದ ಜಯಂತಿ, ಯಾವುದೂ ಮರೆಯೂ ಹಂಗಿಲ್ಲ. ಗಂಡುಹುಡುಗ್ರು ಎಲ್ಲಾ ರಾಮಾಚಾರಿ ಹಂಗ ಕಾಲರ್ ಎತ್ತಿ ಅಡ್ಡಾಡಿದ್ರು. ಆದ್ರ ನಮ್ಮ ಓಣಿ ಹೆಣ್ಮಕ್ಕಳ ಬಾಯಾಗ ಇದ್ದದ್ದು ಅಲಮೇಲು. ಮೇಷ್ಟ್ರು ಒಂದು ಮಾತು ಅಂದ್ರು ಅಂತ ರಾಮಾಚಾರಿ ಆಕಿನ್ನ ಬಿಟ್ಟುಕೊಟ್ಟ. ಕಟ್ಟಿಕೊಂಡ ಗಂಡ ಆಕಿನ್ನ ಮಾರಿಕೊಂಡ. ರಾಮಾಚಾರಿಗೆ ಮತ್ತ ಸಿಕ್ಕಾಗ ಆಕಿ ಏನಾಗಿದ್ಲು ಅಂತ ನೋಡಿದವ್ರಿಗೆ ಗೊತ್ತದ. ಗುರು ಶಿಷ್ಯರ ಪ್ರೀತಿ ದೊಡ್ಡದೇ ಇರಬಹುದು, ಅದರ ಬೆಲೆ ಅಲಮೇಲು ಕೊಟ್ಲು. ಆಕಿನ್ನ ಯಾರೂ ಒಂದು ಮಾತು ಕೇಳಲಿಲ್ಲ.

ಈಗ ಶರಪಂಜರದ ಮಾತು. ಇದರ ಸಲುವಾಗಿನ ಇಷ್ಟೆಲ್ಲಾ ಬರದೆ.

ಇದೂ ಪುಟ್ಟಣ್ಣನವರದೇ. ಮೊದಲು 1967ರಾಗ ತ್ರಿವೇಣಿಯವರ ಬೆಳ್ಳಿಮೋಡ ಮಾಡಿದ್ರು, ಅದರಾಗೂ ಕಲ್ಪನಾನ. ಶರಪಂಜರ ಬರೋ ಹೊತ್ತಿಗೆ ತ್ರಿವೇಣಿ ತೀರಿ ಭಾಳ ವರ್ಷ ಆಗಿತ್ತು. ಮನಶ್ಶಾಸ್ತ್ರ ಓದಿದಾಕಿ, ಹೆಣ್ಣಿನ ಮನಸ್ಸಿನ ಜಡ್ಡು ಏನು ಅಂತ ಕಾದಂಬರಿಯಾಗ ತಿಳಿಸಿ ಬರದಾಕಿ, 1963ರಾಗ ಹೆರಿಗೆ ಆದ ಕೆಲವೇ ದಿನಕ್ಕ ತಾನೇ ಹೋಗಿಬಿಟ್ಲು. ಮೂವತ್ತೈದು ಸುದ್ದಾ ತುಂಬಿರಲಿಲ್ಲ.

ಕಥಿ ಇಷ್ಟ. ಕಾವೇರಿ ನಕ್ಕೋತ ಇದ್ದ ಹೆಣ್ಣು. ಎರಡನೇ ಬಾಣಂತನದಾಗ ಆಕಿಗೆ ಚಿತ್ತ ಕೆಡ್ತದ. ದವಾಖಾನಿಗೆ ಹೋಗಿ ಆರಾಮ ಆಗಿ ಮನಿಗೆ ಬರ್ತಾಳ. ಇಲ್ಲಿಂದ ಮುಂದಿಂದೇ ಖರೇ ಪಿಕ್ಚರ್. ಆರಾಮ ಆಗ್ಯಾಳ ಅಂತ ಒಬ್ಬರೂ ನಂಬೂದಿಲ್ಲ. ಕೆಲಸದವ್ರು ಹೆದರ್ತಾರ, ಬಾಜೂ ಮನಿಯವ್ರು ಪಿಸಿಪಿಸಿ ಅಂತಾರ, ಗಂಡ ದೂರ ಸರೀತಾನ, ಅವನ ಮನಸ್ಸು ಬ್ಯಾರೆ ಕಡೆ ಹೋಗೇದ ಅಂತ ಆಕಿಗೆ ಗೊತ್ತಾಗ್ತದ. ಕಡೀಕ ಎಲ್ಲಾರೂ ಆಕಿ ಏನು ಅಂತ ನಂಬಿದ್ರೋ ಅದೇ ಆಗಿ ಹೊಳ್ಳಿ ದವಾಖಾನಿಗೆ ಹೋಗ್ತಾಳ.

ನಮ್ಮ ಸಣ್ಣ ಮೌಶಿಗೆ ಇದೇ ಜಡ್ಡು ಆಗಿತ್ತು. ನಮ್ಮ ಅಜ್ಜಿ ಮನಿ ಅದೇ ಓಣ್ಯಾಗ ಇತ್ತು. ಎರಡನೇ ಹೆರಿಗೆಗೆ ಅಂತ ತೌರಿಗೆ ಬಂದಾಕಿಗೆ ಹದಿನೈದು ದಿನದಾಗ ನಿದ್ದಿ ಹೋತು. ಕೂಸಿನ್ನ ಎತ್ತಿಕೊಳ್ಳಲಿಕ್ಕೆ ಹೆದರಿಕೆ, ಒಬ್ಬಾಕಿನ ಮಾತು. ಬಾಣಂತಿ ಸನ್ನಿ ಅಂದ್ರು, ದೃಷ್ಟಿ ಅಂದ್ರು, ನಿಂಬಿಹಣ್ಣು ಇಳಿಸಿದ್ರು. ನಮ್ಮ ಕಡೆ ಯಾರರೇ ಸ್ವಲ್ಪ ತಿರಗಮುರಗ ಮಾತಾಡಿದ್ರ "ಧಾರವಾಡಕ್ಕ ಕಳಸಬೇಕು ನೋಡು" ಅಂತ ನಗೋದು ರೂಢಿ ಇತ್ತು, ಬ್ರಿಟಿಷರ ಕಾಲದ ಮಾನಸಿಕ ದವಾಖಾನಿ ಅಲ್ಲಿ ಇದ್ದದ್ದಕ್ಕ. ನಮ್ಮ ಮನಿಯಾಗ ಆ ಮಾತು ಆ ವರ್ಷದಿಂದ ಬಂದ್ ಆತು, ಯಾಕಂದ್ರ ಸೋದರಮಾವ ಖರೇನ ಮೌಶಿನ್ನ ಧಾರವಾಡದ ಡಾಕ್ಟರ ಕಡೆ ಕರಕೊಂಡು ಹೋದ. ಮೂರು ತಿಂಗಳಿಗೆ ಆಕಿ ಆರಾಮ ಆಗಿ ಬಂದ್ಲು.

ಬಂದ ಮ್ಯಾಲೆ ನಾವೇನು ಮಾಡಿದ್ವಿ? ಅಜ್ಜಿ ಈಳಗಿ ಒಯ್ದು ಅಟ್ಟದ ಮ್ಯಾಲೆ ಇಟ್ರು. ಬಾವಿ ಕಟ್ಟಿಗೆ ಹೋದ್ರ ಹಿಂದ ಒಬ್ಬರು. ಕೂಸು ಆಕಿ ಕೈಯಾಗ ಇದ್ರ ಎದುರಿಗೆ ಒಬ್ಬರು. ಆಕಿ ಜೋರ ನಕ್ರ ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡವ್ರು. ಓಣ್ಯಾಗ ಅರಿಷಿಣ ಕುಂಕುಮಕ್ಕ ಕರೀಲಿಕ್ಕೆ ಬಂದವ್ರು ಅವ್ವನ್ನ ಕರದು, ಆಕಿನ್ನ ಬಿಟ್ಟು ಹೋಗವ್ರು. ನಾನೂ ಕಡಿಮಿ ಏನಲ್ಲ. ಗೆಳತ್ಯಾರ ಮುಂದ ದೊಡ್ಡ ಸುದ್ದಿ ಹಂಗ ಹೇಳಿಕೊಂಡು ಅಡ್ಡಾಡಿದ್ದೆ.

ಅಂಥಾದರಾಗ ಶರಪಂಜರ ಬಂತು. "ಈ ಮನಿಯಾಗ ಆ ಪಿಕ್ಚರ್ ಹೆಸರು ತಗೀಬ್ಯಾಡ್ರಿ" ಅಂದ್ರು ಅಜ್ಜಿ. ಮೌಶಿ ಕಾದಂಬರಿ ಮದುವಿಗೆ ಮೊದಲೇ ಓದಿದ್ಲು. "ನಾ ನೋಡಾಕೀನ" ಅಂದ್ಲು. ಅವ್ವ ಏನು ಧೈರ್ಯ ಮಾಡಿದ್ಲೋ, ಮಧ್ಯಾಹ್ನದ ಆಟಕ್ಕ ಆಕಿನ್ನೂ ನನ್ನೂ ಕರಕೊಂಡು ಹೊಂಟ್ಲು. ಟಾಕೀಜಿನಾಗ ಎಲ್ಲಾರೂ ಅತ್ರು, ಮೌಶಿ ಅಳಲಿಲ್ಲ. ಇಂಟರ್ವಲ್‌ನಾಗ ಶೇಂಗಾ ತಿಂದ್ಲು. ಆರಾಮಾಗಿ ಬಂದ ಕಾವೇರಿನ್ನ ನೋಡಿ ಮಂದಿ ಹಿಂದ ಸರಿಯೂ ಹೊತ್ತಿಗೆ ಮಾತ್ರ ನನ್ನ ಮಣಿಕಟ್ಟು ಗಟ್ಟಿ ಹಿಡಕೊಂಡ್ಲು, ಬಳಿ ಒತ್ತಿ ಕೆಂಪಾತು. ಹೊಳ್ಳಿ ಬರೋವಾಗ ಅವ್ವನ ಮುಂದ ಅಂದ್ಲು: "ಅಕ್ಕಾ, ಕಾವೇರಿಗೆ ಎರಡು ಸಲ ತಲಿ ಕೆಟ್ಟಿತು. ಮೊದಲನೇದು ಬಾಣಂತನದಿಂದ, ಎರಡನೇದು ಮನಿಮಂದಿಯಿಂದ. ಮೊದಲನೇದಕ್ಕ ಔಷಧ ಇತ್ತು."

ಅವ್ವ ಇದನ್ನ ಅಜ್ಜಿಗೆ ಹೇಳಿದ್ಲೋ ಇಲ್ಲೋ ಗೊತ್ತಿಲ್ಲ. ಎಂಟು ದಿನಕ್ಕ ಅಜ್ಜಿ ಬಾಜೂ ಮನಿ ಮಾಮಿ ಜೋಡಿ ತಾವೇ ಹೋಗಿ ಪಿಕ್ಚರ್ ನೋಡಿ ಬಂದ್ರು. ಯಾರ ಜೋಡಿನೂ ಮಾತಾಡಲಿಲ್ಲ. ಸಂಜೀಕ ಅಟ್ಟದಿಂದ ಈಳಗಿ ತಗಿಸಿ, ಮೌಶಿ ಮುಂದ ಇಟ್ಟು, "ಬದನಿಕಾಯಿ ಹೆಚ್ಚವಾ, ಹೊತ್ತಾತು" ಅಂದ್ರು. ಮೌಶಿ ಹೆಚ್ಚಿದ್ಲು.

ಶರಪಂಜರಕ್ಕ ಶ್ರೇಷ್ಠ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ನನ್ನ ಲೆಕ್ಕದಾಗ ಅದರ ದೊಡ್ಡ ಪ್ರಶಸ್ತಿ ಆ ಸಂಜೀಕಿಂದು.

ಆದ್ರ ಒಂದು ಪಿಕ್ಚರ್‌ನಿಂದ ಎಲ್ಲಾ ಸುಧಾರಿಸ್ತು ಅಂತ ಹೇಳಿದ್ರ ಸುಳ್ಳಾಗ್ತದ. 1979ರ ಮೇ ತಿಂಗಳದಾಗ ಕಲ್ಪನಾ ನಮ್ಮ ಕಡೇನ, ಸಂಕೇಶ್ವರದ ಹತ್ತರ ಗೋಟೂರಿನಾಗ ತೀರಿಕೊಂಡ್ಲು. ಕಾವೇರಿಗಾಗಿ ಅತ್ತ ಹೆಣ್ಮಕ್ಕಳೇ ಅವಾಗ ಕಟ್ಟಿ ಮ್ಯಾಲೆ ಕೂತು ಕಲ್ಪನಾನ ಬಗ್ಗೆ ಬಾಯಿಗೆ ಬಂದಂಗ ಮಾತಾಡಿದ್ರು. ಮೌಶಿ ಎದ್ದು ಒಳಗ ಹೋದ್ಲು. 1983ರಾಗ ನನ್ನ ಮದುವಿ. ಆರತಿ ತಟ್ಟಿ ಹಿಡಕೊಂಡು ಮೌಶಿ ಮುಂದ ಬಂದ್ಲು. ಹಿರೇರೊಬ್ಬರು, "ಆಕಿ ಬ್ಯಾಡ, ಬ್ಯಾರೆಯವ್ರು ಬರ್ರಿ" ಅಂದ್ರು. ಆರಾಮ ಆಗಿ ಹನ್ನೊಂದು ವರ್ಷ ಆಗಿತ್ತು ಆಕಿಗೆ. ನಾ ಹಸಿಮಣಿ ಮ್ಯಾಲೆ ಕೂತಿದ್ದೆ, ನಾ ಒಂದು ಮಾತು ಅಂದಿದ್ರ ನಡೀತಿತ್ತು. ತಲಿ ಬಗ್ಗಿಸಿ ಕೂತೆ. ಮೌಶಿ ತಟ್ಟಿ ಕೆಳಗಿಟ್ಟು ಅಡಗಿಮನಿ ಕಡೆ ಹೋದ್ಲು. ಮುಂದ ಯಾವತ್ತೂ ಆ ಸುದ್ದಿ ತಗೀಲಿಲ್ಲ, ನನ್ನ ಎರಡೂ ಬಾಣಂತನಕ್ಕ ಆಕಿನ ಬಂದು ನಿಂತ್ಲು. ರಾತ್ರಿ ಕೂಸು ಅತ್ರ ನನಗಿಂತ ಮೊದಲ ಎದ್ದು, "ನೀ ಮಲ್ಕೋ, ನಿದ್ದಿ ಕೆಡಿಸ್ಕೋಬ್ಯಾಡ" ಅಂತಿದ್ಲು. ಈಗ ಆಕಿ ಇಲ್ಲ. ತಪ್ಪಾತು ಅಂತ ಹೇಳೋದು ಉಳದೇ ಹೋತು.

ಅದಕ್ಕ ವೈನಿ ಸೊಸಿ ಕೇಳಿದ್ದಕ್ಕ ನನ್ನ ಉತ್ತರ ಇಷ್ಟ. ನಾಕು ಪಿಕ್ಚರಾಗ ಬಂಗಾರದ ಮನುಷ್ಯ ಎಲ್ಲಾಕಿಂತ ಹೆಚ್ಚು ಓಡಿತು, ನಾಗರಹಾವು ಎಲ್ಲಾಕಿಂತ ಹೆಚ್ಚು ರಂಜಿಸ್ತು, ವಂಶವೃಕ್ಷ ಎಲ್ಲಾಕಿಂತ ಹೆಚ್ಚು ಜಗಳ ಹಚ್ಚಿತು. ಮೊದಲನೇ ನಂಬರು ಮಾತ್ರ ಶರಪಂಜರಕ್ಕ. ನಾಕೂ ಗಂಡಸರು ಮಾಡಿದ್ದು, ನಾಕರಾಗೂ ಹೆಣ್ಣಿನ ಬಾಳೇವು ಒಂದಲ್ಲ ಒಂದು ರೀತಿ ಕೆಡ್ತದ. ಹೆಂಗ ಕೆಡ್ತದ, ಯಾರು ಕೆಡಿಸ್ತಾರ ಅಂತ ಮುಚ್ಚುಮರಿ ಇಲ್ದ ಹೇಳಿದ್ದು ಶರಪಂಜರ ಒಂದೇ.

ನಮ್ಮ ಮನಿಗಳಾಗ ಈಗೂ ಬಾಣಂತ್ಯಾರು ಇದ್ದಾರ. ಹುಡುಗಿಗೆ ನಿದ್ದಿ ಬರವಲ್ದು, ಕೂಸಿನ್ನ ಕಂಡ್ರ ಹೆದರ್ತಾಳ, ಸುಮ್ಮಸುಮ್ಮನ ಅಳ್ತಾಳ ಅಂದ್ರ ನಿಂಬಿಹಣ್ಣು ಬಿಡ್ರಿ, ಲಗೂನ ಡಾಕ್ಟರ ಕಡೆ ಕರಕೊಂಡು ಹೋಗ್ರಿ. ಇದು ಆರಾಮ ಆಗೋ ಜಡ್ಡು. ಆಕಿ ಆರಾಮ ಆಗಿ ಬಂದ ಮ್ಯಾಲೆ ಕೂಸು ಆಕಿ ಕೈಯಾಗ ಕೊಡ್ರಿ, ಈಳಗಿ ಮುಂದ ಇಡ್ರಿ, ಆರತಿಗೆ ಕರೀರಿ. ಶರಪಂಜರ ಈಗ ಫೋನಿನಾಗೂ ಸಿಗ್ತದಂತ. ಮುಂದಿನ ಐತಾರ ವೈನಿ ಮನಿಯಾಗ ಎಲ್ಲಾರೂ ಕೂಡಿ ನೋಡೂಣು. ಸಂಡಿಗಿ ಕರಿಯೂದು ನನ್ನ ಕಡೆ ಇರಲಿ.