ಬೈಲಕುಪ್ಪೆಯ ದೆವ್ವಗಳೂ ನನ್ನ ಬೆತ್ತವೂ

ಪಿರಿಯಾಪಟ್ಟಣ ಸೀಮೆಯಲ್ಲಿ ನನ್ನಿಂದ ಪಾಠ ಹೇಳಿಸಿಕೊಂಡವರಿಗೆ ನನ್ನ ಬೆತ್ತದ ನೆನಪು ಮಾಸಿರಲಾರದು. ಅದರ ಹಿಂದಿದ್ದ ಸಿಟ್ಟಿನ ವಿಷಯ ಬರೆಯಬೇಕೆಂದಿದ್ದೇನೆ. ಇತಿಹಾಸದ ಮೇಷ್ಟ್ರಾದ್ದರಿಂದ ಸ್ವಲ್ಪ ಹಿಂದಿನಿಂದಲೇ ಆರಂಭಿಸುತ್ತೇನೆ.

1959ರಲ್ಲಿ ದಲೈ ಲಾಮಾ ಅವರ ಹಿಂದೆಯೇ ಟಿಬೆಟ್ ತೊರೆದು ಬಂದವರಿಗೆ ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡುಭೂಮಿ ಕೊಟ್ಟಿತು. 1960-61ರಲ್ಲಿ ಅವರು ಬಂದು ಕಾಡು ಕಡಿದು ಮುಸುಕಿನ ಜೋಳ ಬಿತ್ತಿದರು. ಮುಂದೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ನೆಲೆಸಿದರು. ನಾವು ಅವರ ಜೋಳವನ್ನು ಕಂಡೆವು, ಸ್ವೆಟರುಗಳನ್ನು ಕೊಂಡೆವು; ಹಿಮದ ದಾರಿಯಲ್ಲಿ ಮನೆಯವರನ್ನು ಕಳೆದುಕೊಂಡವರ ಮನಸ್ಸಿನ ಗಾಯವನ್ನು ವಿಚಾರಿಸಿದವರು ಕಡಿಮೆ.

ಅವರ ಪರಂಪರೆಯಲ್ಲಿ ‘ಚೋದ್’ ಎಂಬುದೊಂದು ಸಾಧನೆಯಿದೆ. ಕತ್ತರಿಸುವುದು ಎಂದು ಅದರ ಅರ್ಥ. 11-12ನೆಯ ಶತಮಾನದ ಮಾಚಿಗ್ ಲಾಬ್ದ್ರೋನ್ ಎಂಬ ಯೋಗಿನಿ ಇದರ ಆಚಾರ್ಯೆ. ಸಾಧಕರು ಸ್ಮಶಾನದಂಥ ಭೀಕರ ಸ್ಥಳದಲ್ಲಿ ಕುಳಿತು, ಡಮರು ನುಡಿಸುತ್ತ, ತೊಡೆಯ ಮೂಳೆಯ ಕಹಳೆಯೂದಿ ದೆವ್ವಗಳನ್ನು ಕರೆದು, ಕಲ್ಪನೆಯಲ್ಲಿ ತಮ್ಮ ದೇಹವನ್ನೇ ಅವುಗಳಿಗೆ ಉಣಬಡಿಸುತ್ತಾರೆ. ‘ನಾನು’ ಎಂಬ ಹಿಡಿತವೇ ದೊಡ್ಡ ದೆವ್ವವೆಂಬುದು ಆಕೆಯ ಬೋಧೆ. ನಮ್ಮ ಹಳ್ಳಿಗಳ ಮಂತ್ರವಾದಿಯೂ ಬೇವಿನ ಸೊಪ್ಪಿನಿಂದ ಹೊಡೆಯುವ ನಡುವೆಯೇ “ಯಾರು ನೀನು? ಏನು ಬೇಕು?” ಎಂದು ಕೇಳಿ ಎಡೆಯಿಡುತ್ತಿದ್ದನಲ್ಲವೇ!

ಅಮೆರಿಕದ ಸುಲ್ಟ್ರಿಮ್ ಅಲಿಯೋನಿ 2008ರ ತಮ್ಮ ಪುಸ್ತಕದಲ್ಲಿ ಚೋದ್ ಅನ್ನು ಮನೆಯಲ್ಲಿ ಕುಳಿತು ಮಾಡಬಹುದಾದ ಐದು ಹಂತಗಳಿಗೆ ಇಳಿಸಿದರು. ಅದಕ್ಕೂ ಮೊದಲು, 1980ರ ದಶಕದಲ್ಲಿ, ಅದೇ ದೇಶದ ಕುಟುಂಬ ಚಿಕಿತ್ಸಕ ರಿಚರ್ಡ್ ಶ್ವಾರ್ಟ್ಸ್ ತಮ್ಮ ರೋಗಿಗಳ ಮಾತನ್ನು ಆಲಿಸುತ್ತ, ಮನಸ್ಸಿನೊಳಗೂ ಒಂದು ಕುಟುಂಬವಿದೆ ಎಂಬ ನಿಲುವಿಗೆ ಬಂದರು. ನೊಂದ ಭಾಗಗಳು ಒಳಗೆ ಅಡಗಿರುತ್ತವೆ. ಅವು ಹೊರಬಾರದಂತೆ ಉಳಿದವು ಕಾವಲಿರುತ್ತವೆ. ನೊಂದ ಭಾಗಗಳಿಗೆ ಅವರು ಕೊಟ್ಟ ಹೆಸರು ‘ಗಡೀಪಾರಾದವರು’. ಓದಿದೊಡನೆ ನನಗೆ ಬೈಲಕುಪ್ಪೆ ನೆನಪಾಯಿತು. ಒಂದರ ಗುರಿ ಮುಕ್ತಿ, ಇನ್ನೊಂದರದು ಚಿಕಿತ್ಸೆ. ಎರಡನ್ನೂ ಒಂದೇ ಎನ್ನುವುದು ತಪ್ಪಾದೀತು. ಆದರೂ ಕಾಡುವುದನ್ನು ಅಟ್ಟದೆ ಕರೆದು ಮಾತನಾಡಿಸುವ ಧೈರ್ಯ ಎರಡರಲ್ಲಿಯೂ ಇದೆ.

ಮನಶ್ಶಾಸ್ತ್ರ ಓದಿರುವ ನನ್ನ ಸೊಸೆ ಒಮ್ಮೆ, “ನಿಮ್ಮ ಸಿಟ್ಟನ್ನೇ ಕೇಳಿ ನೋಡಿ ಮಾವ, ಬೆತ್ತ ಕೆಳಗಿಟ್ಟರೆ ಏನಾದೀತೆಂದು ಅದಕ್ಕೆ ಭಯ?” ಎಂದಳು. ನಕ್ಕು ಸುಮ್ಮನಾದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಹರಿದ ಚಡ್ಡಿಯನ್ನು ಕೈಯಲ್ಲಿ ಮುಚ್ಚಿಕೊಂಡು ತರಗತಿಯ ಮುಂದೆ ನಿಂತಿದ್ದ ಒಂಬತ್ತು ವರ್ಷದ ಹುಡುಗ ಕಣ್ಣಿಗೆ ಕಟ್ಟಿದ. ಎಲ್ಲರೂ ನಗುತ್ತಿದ್ದರು. ನೀವು ಹಿಂದಿನ ಬೆಂಚಿನಲ್ಲಿ ನಕ್ಕಾಗಲೆಲ್ಲ ನನ್ನ ಕೈ ಬೆತ್ತಕ್ಕೆ ಹೋಗುತ್ತಿದ್ದುದು ಅವನನ್ನು ಕಾಯಲು. ನಿಮ್ಮ ನಗುವಿಗೂ ಅವನಿಗೂ ಸಂಬಂಧವೇ ಇರಲಿಲ್ಲ.

ನನ್ನಿಂದ ಪೆಟ್ಟು ತಿಂದವರಿಗೆ ಒಬ್ಬೊಬ್ಬರಿಗೂ ಪತ್ರ ಬರೆಯತೊಡಗಿದ್ದೇನೆ. ಈವರೆಗೆ ವಿಳಾಸ ಸಿಕ್ಕಿರುವುದು ಏಳು ಮಂದಿಯದು.