ತಪ್ಪಿದ ಪಂದ್ಯ ಅಳೆಯುವುದು ಏನನ್ನು? ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನ ಗಾಯ ಮತ್ತು ವಿಶ್ರಾಂತಿಯ ಲೆಕ್ಕ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನಲ್ಲಿ (ಮುಂದೆ ‘ಲೀಗ್’) ಆಟಗಾರರ ಗಾಯ ಮತ್ತು ವಿಶ್ರಾಂತಿಯ ಬಗ್ಗೆ ಲಭ್ಯವಿರುವ ಅಂಕಿಗಳನ್ನು ಹೇಗೆ ಓದಬೇಕು ಎಂಬುದಷ್ಟೇ ಈ ಟಿಪ್ಪಣಿಯ ವಿಷಯ. ಆಧಾರಗಳು ಎರಡು: 1992ರಿಂದ 2012ರವರೆಗಿನ 21 ಋತುಗಳ ಗಾಯ ಸಮೀಕ್ಷೆಯ ಪ್ರಕಟಿತ ಸಾರಾಂಶ, 2000ದಿಂದ 2025ರವರೆಗಿನ ಪ್ರಿಲಿಮಿನರಿ ಫೈನಲ್‌ಗಳ (ಪ್ರಶಸ್ತಿಯ ಪಂದ್ಯವಾದ ಗ್ರ್ಯಾಂಡ್ ಫೈನಲ್‌ಗೆ ಮುಂಚಿನ ಸುತ್ತಿನ ಪಂದ್ಯಗಳ) ಫಲಿತಾಂಶ. ಪರಿಶೀಲನೆ ಪುರುಷರ ಲೀಗ್‌ಗೆ ಸೀಮಿತ. ಚಿಕಿತ್ಸಾ ವಿಧಾನಗಳ ಚರ್ಚೆ ಇಲ್ಲಿಲ್ಲ.

ಪ್ರತಿಪಾದನೆ ಚಿಕ್ಕದು. ‘ತಪ್ಪಿದ ಪಂದ್ಯ’ ಎಂಬ ಮಾನದಲ್ಲಿ ಗಾಯದ ತೀವ್ರತೆ, ಕ್ಲಬ್ಬಿನ ನಿರ್ಧಾರ, ವೇಳಾಪಟ್ಟಿಯ ಅಂತರ ಈ ಮೂರೂ ಬೆರೆತಿರುತ್ತವೆ. ಇವನ್ನು ಬಿಡಿಸದೆ ಋತುವಿನಿಂದ ಋತುವಿಗೆ ಮಾಡುವ ಹೋಲಿಕೆ ಭಾಗಶಃ ಮಾತ್ರ ಸಾಧು.

2. ಸಮೀಕ್ಷೆಯ ವ್ಯಾಖ್ಯೆ

ಲೀಗ್‌ನ ಗಾಯ ಸಮೀಕ್ಷೆ 1992ರಲ್ಲಿ ಆರಂಭವಾಯಿತು. ಮೊದಲ ಎರಡು ದಶಕಗಳ ಫಲಿತಾಂಶವನ್ನು ಜಾನ್ ಆರ್ಚರ್ಡ್, ಹ್ಯೂ ಸೀವರ್ಡ್ ಮತ್ತು ಜೆಸಿಕಾ ಆರ್ಚರ್ಡ್ 2013ರಲ್ಲಿ ಒಟ್ಟಾಗಿ ಪ್ರಕಟಿಸಿದರು. ಅದರಲ್ಲಿ ಗಾಯವೆಂದರೆ, ಆಟಗಾರ ಒಂದು ಪಂದ್ಯವನ್ನು ತಪ್ಪಿಸಿಕೊಳ್ಳುವಂತೆ ಮಾಡಿದ ದೈಹಿಕ ತೊಂದರೆ; ಅನಾರೋಗ್ಯವೂ ಸೇರಿದೆ. ನೋವಿದ್ದರೂ ಆಡಿದವನು ಲೆಕ್ಕಕ್ಕೆ ಬರುವುದಿಲ್ಲ.

ಈ ವ್ಯಾಖ್ಯೆಯ ಗುಣ ಸ್ಪಷ್ಟ. ಆಡಿದನೋ ಇಲ್ಲವೋ ಎಂಬುದು ಯಾರು ಬೇಕಾದರೂ ತಾಳೆ ನೋಡಬಹುದಾದ ಸಂಗತಿ. ವೈದ್ಯರಿಂದ ವೈದ್ಯರಿಗೆ ಬದಲಾಗುವ ಅಭಿಪ್ರಾಯವಲ್ಲ. ಮಿತಿಯೂ ಅಲ್ಲಿಯೇ ಇದೆ: ‘ಆಡಲಾಗಲಿಲ್ಲ’ ಮತ್ತು ‘ಆಡಿಸಲಿಲ್ಲ’ ಎಂಬ ಎರಡು ಸ್ಥಿತಿಗಳ ನಡುವಿನ ಗೆರೆಯನ್ನು ಎಳೆಯುವುದು ಕ್ಲಬ್.

ಈ ಟಿಪ್ಪಣಿಯಲ್ಲಿ ಮೂರು ದರಗಳು ಬಳಕೆಯಾಗಿವೆ. ಒಂದು ಕ್ಲಬ್ಬಿಗೆ ಒಂದು ಋತುವಿನಲ್ಲಿ ಆಗುವ ಹೊಸ ಗಾಯಗಳ ಸಂಖ್ಯೆ ‘ಹೊಸ ಗಾಯದ ದರ’. ಅದೇ ಅವಧಿಯಲ್ಲಿ ತಪ್ಪಿದ ಪಂದ್ಯಗಳ ಸಂಖ್ಯೆ ‘ಗೈರುಹಾಜರಿ ದರ’. ಹೊಸ ಗಾಯಗಳಿಗೆ ಹೋಲಿಸಿದಂತೆ ಅದೇ ಋತುವಿನಲ್ಲಿ ಮತ್ತೆ ಕಾಣಿಸಿಕೊಂಡ ಗಾಯಗಳ ಪ್ರಮಾಣ ‘ಮರುಕಳಿಕೆ ದರ’. ಮೊದಲ ಎರಡನ್ನು 40 ಆಟಗಾರರು, 22 ಪಂದ್ಯಗಳ ಒಂದು ಮಾದರಿ ಕ್ಲಬ್ಬಿಗೆ ಇಳಿಸಿ ಹೇಳುವುದು ಸಮೀಕ್ಷೆಯ ಪದ್ಧತಿ.

3. ಅಂಕಿಗಳು

21 ಋತುಗಳಲ್ಲಿ 4,492 ಆಟಗಾರರು. 13,606 ಹೊಸ ಗಾಯಗಳು. 1,965 ಮರುಕಳಿಸಿದ ಗಾಯಗಳು. ತಪ್ಪಿದ ಪಂದ್ಯಗಳು 51,919. ಹೊಸ ಗಾಯದ ದರ ಅತಿ ಕಡಿಮೆ ಇದ್ದದ್ದು 1993ರಲ್ಲಿ (30.3), ಅತಿ ಹೆಚ್ಚು ಇದ್ದದ್ದು 1998ರಲ್ಲಿ (40.3). ಗೈರುಹಾಜರಿ ದರದ ಕನಿಷ್ಠ 1994ರಲ್ಲಿ 116.3, ಗರಿಷ್ಠ 2011ರಲ್ಲಿ 157.1. ಮರುಕಳಿಕೆ ದರ 1992ರಲ್ಲಿ 25 ಪ್ರತಿಶತ ಇದ್ದದ್ದು 2012ರ ಹೊತ್ತಿಗೆ 9 ಪ್ರತಿಶತಕ್ಕೆ ಇಳಿದಿದೆ.

ಅತಿ ಸಾಮಾನ್ಯ ಗಾಯ ಹ್ಯಾಮ್‌ಸ್ಟ್ರಿಂಗ್‌ನದು, ಅಂದರೆ ತೊಡೆಯ ಹಿಂಭಾಗದ ಸ್ನಾಯುವಿನದು. ಸರಾಸರಿ ಪ್ರತಿ ಕ್ಲಬ್ಬಿಗೆ ಪ್ರತಿ ಋತುವಿಗೆ 6 ಗಾಯ, 20 ತಪ್ಪಿದ ಪಂದ್ಯ. ಮರುಕಳಿಕೆ 26 ಪ್ರತಿಶತ.

ಇಲ್ಲಿ ಗಮನಿಸಬೇಕಾದದ್ದು ಎರಡು ರೇಖೆಗಳ ದಿಕ್ಕು. ಮರುಕಳಿಕೆ ದರ ಸತತವಾಗಿ ಇಳಿದಿದೆ. ಗೈರುಹಾಜರಿ ದರ ಇಳಿದಿಲ್ಲ. ಅದರ ಗರಿಷ್ಠ ಮಟ್ಟ ಅವಧಿಯ ಕೊನೆಯ ಹಿಂದಿನ ಋತುವಿನಲ್ಲಿದೆ. ಗಾಯಗೊಂಡವನನ್ನು ಅವಸರದಲ್ಲಿ ಮೈದಾನಕ್ಕಿಳಿಸದೆ ಇನ್ನೊಂದು ವಾರ ಹೊರಗಿರಿಸಿದರೆ ಮರುಕಳಿಕೆ ಕಡಿಮೆಯಾಗುತ್ತದೆ, ತಪ್ಪಿದ ಪಂದ್ಯ ಹೆಚ್ಚುತ್ತದೆ. ಹಾಗಾಗಿ 2011ರ 157.1ನ್ನು ‘ಗಾಯ ಹೆಚ್ಚಾಯಿತು’ ಎಂದಷ್ಟೇ ಓದುವುದು ಸರಿಯಾಗಲಾರದು. ಅದರ ಒಂದು ಪಾಲು ಎಚ್ಚರಿಕೆಯ ಬೆಲೆಯಾಗಿರುವ ಸಾಧ್ಯತೆ ಇದೆ. ಪಾಲು ಎಷ್ಟು ಎಂಬುದನ್ನು ಈ ಮೂರು ದರಗಳಿಂದ ಮಾತ್ರ ಪ್ರತ್ಯೇಕಿಸಲಾಗದು.

4. ಒಂದು ಅಂಕಗಣಿತದ ವ್ಯತ್ಯಾಸ

ಮೊತ್ತಗಳನ್ನೂ ದರಗಳನ್ನೂ ತಾಳೆ ಹಾಕಿದಾಗ ಒಂದು ಹೊಂದಾಣಿಕೆ ತಪ್ಪುತ್ತದೆ. ಲೀಗ್‌ನಲ್ಲಿ 1992ರಿಂದ 1994ರವರೆಗೆ 15 ಕ್ಲಬ್‌ಗಳಿದ್ದವು, 1995ರಿಂದ 2010ರವರೆಗೆ 16 (1997ರಲ್ಲಿ ಫಿಟ್ಜ್‌ರಾಯ್ ಹೋಗಿ ಪೋರ್ಟ್ ಅಡಿಲೇಡ್ ಬಂದದ್ದರಿಂದ ಸಂಖ್ಯೆ ಬದಲಾಗಲಿಲ್ಲ), 2011ರಲ್ಲಿ 17, 2012ರಲ್ಲಿ 18. ಒಟ್ಟು 336 ಕ್ಲಬ್-ಋತುಗಳು. 13,606ನ್ನು 336ರಿಂದ ಭಾಗಿಸಿದರೆ 40.5 ಬರುತ್ತದೆ. ಸರಾಸರಿಯಾಗಬೇಕಾದ ಈ ಸಂಖ್ಯೆ, ಪ್ರಕಟಿತ ಗರಿಷ್ಠವಾದ 40.3ಕ್ಕಿಂತಲೂ ಹೆಚ್ಚು. ತಪ್ಪಿದ ಪಂದ್ಯಗಳ ಕಚ್ಚಾ ಸರಾಸರಿ 154.5, ಇದೂ ಗರಿಷ್ಠವಾದ 157.1ರ ಹತ್ತಿರವೇ ಇದೆ.

ಇದನ್ನು ದೋಷವೆಂದು ಪರಿಗಣಿಸುವ ಅಗತ್ಯವಿಲ್ಲ. ಕ್ಲಬ್ಬಿನ ನಿಜವಾದ ಆಟಗಾರರ ಪಟ್ಟಿ 40ಕ್ಕಿಂತ ದೊಡ್ಡದಾಗಿರುವುದರಿಂದ, ಮಾದರಿ ಕ್ಲಬ್ಬಿಗೆ ಇಳಿಸಿದಾಗ ದರ ಕಚ್ಚಾ ಸರಾಸರಿಗಿಂತ ಕೆಳಗೆ ಬರುವುದು ನಿರೀಕ್ಷಿತ. ಆದರೆ ಒಂದು ಎಚ್ಚರಿಕೆ ಉಳಿಯುತ್ತದೆ: ಪ್ರಕಟಿತ ದರವನ್ನು ಕ್ಲಬ್‌ಗಳ ಸಂಖ್ಯೆಯಿಂದ ಗುಣಿಸಿ ಮೊತ್ತ ಹೇಳುವುದಾಗಲಿ, ಮೊತ್ತವನ್ನು ಭಾಗಿಸಿ ದರ ಹೇಳುವುದಾಗಲಿ ತಪ್ಪು ಚಿತ್ರ ಕೊಡುತ್ತದೆ.

5. ನಿಯಮ ಬದಲಾವಣೆಗಳು

5.1. ಇಂಟರ್‌ಚೇಂಜ್. ಮೈದಾನದಲ್ಲಿ 18 ಜನ; 2010ರ ಹೊತ್ತಿಗೆ ಬೆಂಚಿನಲ್ಲಿ ನಾಲ್ವರು ಇರುತ್ತಿದ್ದರು. ಆ ವರ್ಷದವರೆಗೆ ಇವರನ್ನು ಎಷ್ಟು ಸಲ ಬೇಕಾದರೂ ಅದಲುಬದಲು ಮಾಡಬಹುದಿತ್ತು. 2011ರಲ್ಲಿ ಇದು ಮೂವರು ಇಂಟರ್‌ಚೇಂಜ್ ಆಟಗಾರರು ಮತ್ತು ಒಬ್ಬ ಬದಲಿ ಆಟಗಾರ ಎಂದಾಯಿತು. 2014ರಲ್ಲಿ ಪಂದ್ಯವೊಂದಕ್ಕೆ 120 ಅದಲುಬದಲಿನ ಮಿತಿ ಬಂತು. 2016ರಲ್ಲಿ ಬದಲಿ ಆಟಗಾರನ ಸ್ಥಾನ ರದ್ದಾಗಿ ಮಿತಿ 90ಕ್ಕೆ, 2021ರಲ್ಲಿ 75ಕ್ಕೆ ಇಳಿಯಿತು.

2011 ಮತ್ತು 2012ರಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳು ಕಡಿಮೆಯಾದದ್ದನ್ನು ಸಮೀಕ್ಷೆ ಈ ಬದಲಾವಣೆಯೊಂದಿಗೆ ಇಟ್ಟು ನೋಡಿದೆ. ಬೆಂಚಿನಲ್ಲಿ ಕೂತು ಮತ್ತೆ ಮತ್ತೆ ಪೂರ್ಣ ವೇಗದಲ್ಲಿ ಓಡುವುದು ಕಡಿಮೆಯಾದದ್ದು ಕಾರಣವಿರಬಹುದು. ಆದರೆ ಎರಡು ಋತುಗಳ ಅಂಕಿ ಅಲ್ಪ. ಅದೂ ಅಲ್ಲದೆ, ಅತಿ ಸಾಮಾನ್ಯ ಗಾಯ ಇಳಿಯತೊಡಗಿದ 2011ರಲ್ಲೇ ಒಟ್ಟು ಗೈರುಹಾಜರಿ ದರ ಗರಿಷ್ಠಕ್ಕೇರಿದೆ. ಈ ಎರಡು ಹೇಳಿಕೆಗಳನ್ನು ಒಟ್ಟಿಗೆ ಉಲ್ಲೇಖಿಸುವುದು ಲೇಸು.

5.2. ತಲೆಪೆಟ್ಟು (ಕನ್‌ಕಷನ್). 2021ರಿಂದ ಕನ್‌ಕಷನ್ ಆದ ಆಟಗಾರ ಆ ದಿನದ ನಂತರದ 12ನೇ ದಿನಕ್ಕೂ ಮೊದಲು ಪಂದ್ಯಕ್ಕೆ ಮರಳುವಂತಿಲ್ಲ. ನಿಯಮ ದಿನದ ಲೆಕ್ಕದ್ದು. ಸಮೀಕ್ಷೆಯ ವ್ಯಾಖ್ಯೆ ಪಂದ್ಯದ ಲೆಕ್ಕದ್ದು. ಶನಿವಾರ ಪೆಟ್ಟು ಬಿದ್ದರೆ ಮುಂದಿನ ಶನಿವಾರ 7ನೇ ದಿನ, ಅದರ ಮುಂದಿನದು 14ನೇ ದಿನ. ತಪ್ಪುವುದು ಒಂದು ಪಂದ್ಯ. ಪಂದ್ಯಗಳ ನಡುವೆ ಐದೈದು ದಿನಗಳಿದ್ದರೆ 5 ಮತ್ತು 10ನೇ ದಿನಗಳ ಎರಡು ಪಂದ್ಯ ತಪ್ಪುತ್ತವೆ. ನಡುವೆ ಬೈ ವಾರ (ಪಂದ್ಯವಿಲ್ಲದ ವಾರ) ಬಿದ್ದರೆ ಒಂದೂ ತಪ್ಪದೆ ಇರಬಹುದು. ಒಂದೇ ತೀವ್ರತೆಯ ಪೆಟ್ಟು ಹೀಗೆ 0, 1 ಅಥವಾ 2 ಎಂದು ದಾಖಲಾಗುತ್ತದೆ. 0 ಎಂದು ದಾಖಲಾದರೆ ವ್ಯಾಖ್ಯೆಯ ಪ್ರಕಾರ ಅದು ಗಾಯವೇ ಅಲ್ಲ.

2021ರ ಋತು ಇದಕ್ಕೆ ನೇರ ನಿದರ್ಶನ. ಆ ವರ್ಷದ ಪ್ರಿಲಿಮಿನರಿ ಫೈನಲ್‌ಗಳು ಸೆಪ್ಟೆಂಬರ್ 10 ಮತ್ತು 11ರಂದು, ಗ್ರ್ಯಾಂಡ್ ಫೈನಲ್ ಪರ್ತ್‌ನಲ್ಲಿ ಸೆಪ್ಟೆಂಬರ್ 25ರಂದು ನಡೆದವು. ಅಂತರ 14ರಿಂದ 15 ದಿನ. ಪ್ರಿಲಿಮಿನರಿ ಫೈನಲ್‌ನಲ್ಲಿ ತಲೆಗೆ ಪೆಟ್ಟಾದವನಿಗೆ ಆ ವರ್ಷ ಗ್ರ್ಯಾಂಡ್ ಫೈನಲ್ ಆಡಲು ದಿನದ ನಿಯಮ ಅಡ್ಡ ಬರುತ್ತಿರಲಿಲ್ಲ. ಒಂದು ವಾರದ ಅಂತರವಿರುವ ಉಳಿದ ವರ್ಷಗಳಲ್ಲಿ ಬರುತ್ತದೆ.

ಇನ್ನೊಂದು ತುದಿಯ ನಿದರ್ಶನ ಮೆಲ್ಬರ್ನ್ ಕ್ಲಬ್ಬಿನ ಆಂಗಸ್ ಬ್ರೇಶಾ. 2023ರ ಸೆಪ್ಟೆಂಬರ್ 7ರಂದು ಕ್ವಾಲಿಫೈಯಿಂಗ್ ಫೈನಲ್‌ನಲ್ಲಿ ಅವರಿಗೆ ಕನ್‌ಕಷನ್ ಆಯಿತು. ಸೆಪ್ಟೆಂಬರ್ 15ರಂದು ಮೆಲ್ಬರ್ನ್ ಸೆಮಿಫೈನಲ್‌ನಲ್ಲಿ ಸೋತು ಹೊರಬಿತ್ತು. ಆ ಋತುವಿನಲ್ಲಿ ಅವರಿಗೆ ತಪ್ಪಿದ್ದು ಒಂದೇ ಪಂದ್ಯ. 2024ರ ಫೆಬ್ರವರಿಯಲ್ಲಿ, ಹೊಸ ಋತು ಶುರುವಾಗುವ ಮೊದಲೇ, ವೈದ್ಯಕೀಯ ಸಲಹೆಯಂತೆ ಅವರು ನಿವೃತ್ತರಾದರು. ಆಟದ ಬದುಕನ್ನೇ ಕೊನೆಗೊಳಿಸಿದ ಗಾಯ, ಆ ಋತುವಿನ ಪಂದ್ಯಗಳ ಲೆಕ್ಕದಲ್ಲಿ ಒಂದು ಸಾಧಾರಣ ಸ್ನಾಯು ಸೆಳೆತಕ್ಕೆ ಸಮ.

6. ಫೈನಲ್ಸ್‌ಗೆ ಮುಂಚಿನ ಬೈ

6.1. ಹಿನ್ನೆಲೆ. 2015ರ ಕೊನೆಯ ಸುತ್ತಿನಲ್ಲಿ ನಾರ್ತ್ ಮೆಲ್ಬರ್ನ್ ತಂಡದಲ್ಲಿ ಒಂಬತ್ತು ಬದಲಾವಣೆ ಮಾಡಿತು. ಅಗ್ರಸ್ಥಾನ ಖಚಿತವಾಗಿದ್ದ ಫ್ರೀಮ್ಯಾಂಟಲ್ ಹತ್ತಕ್ಕೂ ಹೆಚ್ಚು ಬದಲಾವಣೆ ಮಾಡಿತು. ಹೀಗೆ ಸಾಮೂಹಿಕವಾಗಿ ಆಟಗಾರರನ್ನು ಕೂರಿಸುವುದನ್ನು ತಡೆಯಲು 2016ರಿಂದ ಕೊನೆಯ ಸುತ್ತು ಮತ್ತು ಫೈನಲ್ಸ್ ನಡುವೆ ಎಲ್ಲ ಕ್ಲಬ್‌ಗಳಿಗೂ ಒಂದು ಬೈ ವಾರ ಬಂತು. 2021ರಲ್ಲಿ ಮಾತ್ರ ಅದು ಗ್ರ್ಯಾಂಡ್ ಫೈನಲ್‌ನ ಹಿಂದಿನ ವಾರಕ್ಕೆ ಸರಿಯಿತು.

2000ದಿಂದ 2025ರವರೆಗೆ ಇದ್ದ ಫೈನಲ್ಸ್ ಪದ್ಧತಿಯಲ್ಲಿ, ಮೊದಲ ನಾಲ್ಕು ಸ್ಥಾನಗಳ ಕ್ಲಬ್‌ಗಳ ನಡುವಿನ ಕ್ವಾಲಿಫೈಯಿಂಗ್ ಫೈನಲ್ ಗೆದ್ದವರಿಗೆ ಒಂದು ವಾರ ಬಿಡುವು, ನಂತರ ಪ್ರಿಲಿಮಿನರಿ ಫೈನಲ್. ಬೈ ಸೇರಿದ ಮೇಲೆ, ಗೆದ್ದ ಕ್ಲಬ್ ಕೊನೆಯ ಸುತ್ತಿನಿಂದ ಪ್ರಿಲಿಮಿನರಿ ಫೈನಲ್‌ವರೆಗಿನ ಸುಮಾರು ನಾಲ್ಕು ವಾರಗಳಲ್ಲಿ ಒಂದೇ ಪಂದ್ಯ ಆಡುತ್ತದೆ.

6.2. ಎಣಿಕೆ. ಬೈಗೆ ಮುಂಚಿನ 16 ಋತುಗಳಲ್ಲಿ (2000–2015) ಬಿಡುವು ಪಡೆದ ಕ್ಲಬ್‌ಗಳು 32 ಪ್ರಿಲಿಮಿನರಿ ಫೈನಲ್‌ಗಳಲ್ಲಿ 28 ಗೆದ್ದವು. ಸೋತವರು ನಾಲ್ವರು: ಸಿಡ್ನಿ (2003), ಸೇಂಟ್ ಕಿಲ್ಡಾ (2005), ಅಡಿಲೇಡ್ (2006), ಫ್ರೀಮ್ಯಾಂಟಲ್ (2015). ಬೈ ಇದ್ದ ಒಂಬತ್ತು ಋತುಗಳಲ್ಲಿ (2016–2020, 2022–2025) 18ರಲ್ಲಿ 10 ಗೆಲುವು. ಸೋತವರು: ಜೀಲಾಂಗ್ ಮತ್ತು ಗ್ರೇಟರ್ ವೆಸ್ಟರ್ನ್ ಸಿಡ್ನಿ (2016), ರಿಚ್‌ಮಂಡ್ (2018), ಕಾಲಿಂಗ್‌ವುಡ್ (2019), ಪೋರ್ಟ್ ಅಡಿಲೇಡ್ ಮತ್ತು ಬ್ರಿಸ್ಬೇನ್ (2020), ಜೀಲಾಂಗ್ (2024), ಕಾಲಿಂಗ್‌ವುಡ್ (2025). ಎಣಿಕೆಯಿಂದ ಹೊರಗಿಟ್ಟ 2021ರಲ್ಲಿ ಮೆಲ್ಬರ್ನ್ ಗೆದ್ದಿತು, ಪೋರ್ಟ್ ಅಡಿಲೇಡ್ ಸೋತಿತು.

ಅಂದರೆ 87.5 ಪ್ರತಿಶತದಿಂದ 55.6 ಪ್ರತಿಶತಕ್ಕೆ ಇಳಿಕೆ. ಫಿಷರ್ ನಿಖರ ಪರೀಕ್ಷೆಯಲ್ಲಿ ಎರಡೂ ಬದಿಯ ಸಂಭವನೀಯತೆ (ಇಂಥ ವ್ಯತ್ಯಾಸ ಕೇವಲ ಆಕಸ್ಮಿಕವಾಗಿ ಬರುವ ಸಾಧ್ಯತೆ) ಸುಮಾರು 0.017.

6.3. ಎಣಿಕೆಯ ದೌರ್ಬಲ್ಯ. ಮೊದಲನೆಯದು, ಅವಧಿಯ ಆಯ್ಕೆ. 2007–2015 ಮಾತ್ರ ತೆಗೆದುಕೊಂಡರೆ ಹಳೆಯ ದರ 18ರಲ್ಲಿ 17 ಆಗಿ ವ್ಯತ್ಯಾಸ ಹಿಗ್ಗಿ ಕಾಣುತ್ತದೆ. 2000–2006ರಲ್ಲಿ ಅದು 14ರಲ್ಲಿ 11 ಮಾತ್ರ. ಎರಡನೆಯದು, 2020. ಆ ವರ್ಷ ಸಾಂಕ್ರಾಮಿಕದ ಕಾರಣ ಋತು 17 ಪಂದ್ಯಗಳಿಗೆ ಇಳಿದಿತ್ತು, ಪ್ರತಿ ಕ್ವಾರ್ಟರಿನ ಮೂಲ ಅವಧಿ 20ರಿಂದ 16 ನಿಮಿಷಕ್ಕೆ ಇಳಿದಿತ್ತು. ಅದೊಂದನ್ನು ಕೈಬಿಟ್ಟರೆ ಹೊಸ ದರ 16ರಲ್ಲಿ 10 ಆಗುತ್ತದೆ, ಸಂಭವನೀಯತೆ ಸುಮಾರು 0.064ಕ್ಕೆ ಏರುತ್ತದೆ. ಒಂದೇ ಋತುವಿನ ಮೇಲೆ ನಿಂತಿರುವ ತೀರ್ಮಾನವನ್ನು ದೃಢವೆನ್ನಲಾಗದು. ಮೂರನೆಯದು, ಈ ಅವಧಿಯಲ್ಲೇ ಕ್ಲಬ್‌ಗಳ ಸಂಖ್ಯೆ, ಇಂಟರ್‌ಚೇಂಜ್ ನಿಯಮ ಎರಡೂ ಬದಲಾಗಿವೆ.

6.4. ಕಾರಣದ ಪ್ರಶ್ನೆ. ಇಳಿಕೆ ನಿಜವೆಂದು ಒಪ್ಪಿದರೂ ಅದಕ್ಕೆ ಕನಿಷ್ಠ ಎರಡು ವಿವರಣೆಗಳಿವೆ: ಅತಿಯಾದ ಬಿಡುವಿನಿಂದ ಮೇಲಿನ ಕ್ಲಬ್ಬಿನ ಲಯ ತಪ್ಪುತ್ತದೆ, ಅಥವಾ ಬೈ ವಾರದಲ್ಲಿ ಕೆಳಗಿನ ಕ್ಲಬ್ಬಿನ ಗಾಯಾಳುಗಳು ಚೇತರಿಸಿಕೊಳ್ಳುತ್ತಾರೆ. ಏಳನೇ ಸ್ಥಾನದಿಂದ ಬಂದು 2016ರ ಪ್ರಶಸ್ತಿ ಗೆದ್ದ ವೆಸ್ಟರ್ನ್ ಬುಲ್‌ಡಾಗ್ಸ್ ಎರಡನೆಯದಕ್ಕೆ ಪುಷ್ಟಿ ಕೊಡುತ್ತದೆ. ಟಾಮ್ ಲಿಬರಟೋರ್, ಜಾಕ್ ಮ್ಯಾಕ್ರೇ ಗಾಯದಿಂದ ಮರಳಿದ್ದು ಬೈ ಮುಗಿದ ಮೇಲೆ, ಸೆಪ್ಟೆಂಬರ್ 8ರ ಎಲಿಮಿನೇಷನ್ ಫೈನಲ್‌ಗೆ. ಅಲ್ಲಿಂದ ಅಕ್ಟೋಬರ್ 1ರ ಗ್ರ್ಯಾಂಡ್ ಫೈನಲ್‌ವರೆಗೆ ಆ ಕ್ಲಬ್ ಬಿಡುವಿಲ್ಲದೆ ನಾಲ್ಕು ವಾರ ಆಡಿ ನಾಲ್ಕನ್ನೂ ಗೆದ್ದಿತು. ಆದರೆ ಇದು ಒಂದು ಪ್ರಕರಣ. ಸೋಲು-ಗೆಲುವಿನ ಪಟ್ಟಿಯಿಂದ ಈ ಎರಡು ವಿವರಣೆಗಳನ್ನು ಬೇರ್ಪಡಿಸುವುದು ಸಾಧ್ಯವಿಲ್ಲ.

ಬೈ ವಾರದಲ್ಲಿ ಚೇತರಿಸಿಕೊಂಡವನು ಆ ವಾರ ಯಾವ ಪಂದ್ಯವನ್ನೂ ತಪ್ಪಿಸಿಕೊಂಡಿರುವುದಿಲ್ಲ ಎಂಬುದೂ ಇಲ್ಲಿ ಪ್ರಸ್ತುತ. ಬೈ ಗಾಯವನ್ನು ಗುಣಪಡಿಸುವುದರ ಜೊತೆಗೆ ಲೆಕ್ಕದಿಂದಲೂ ಕಳೆಯುತ್ತದೆ.

7. ನಿರ್ಣಯ

(ಅ) ಮರುಕಳಿಕೆ ದರದ ಇಳಿಕೆ, ಮೂರು ದರಗಳಲ್ಲಿ ಅತ್ಯಂತ ವಿಶ್ವಾಸಾರ್ಹ ಪ್ರವೃತ್ತಿಯಾಗಿ ಕಾಣುತ್ತದೆ.

(ಆ) ಗೈರುಹಾಜರಿ ದರದ ಏರಿಕೆಯನ್ನು ಗಾಯಗಳ ಏರಿಕೆ ಎಂದು ಉಲ್ಲೇಖಿಸಬಾರದು.

(ಇ) 2021ರ ಮೊದಲಿನ ಮತ್ತು ನಂತರದ ಕನ್‌ಕಷನ್ ಅಂಕಿಗಳನ್ನು ಒಂದೇ ಸರಣಿಯಾಗಿ ಬಳಸುವುದು ಸಾಧುವಲ್ಲ. ನಡುವೆ ನಿಯಮವೇ ಬದಲಾಗಿದೆ.

(ಈ) ಬೈ ವಾರವು ಮೇಲಿನ ಕ್ಲಬ್‌ಗಳ ಅನುಕೂಲವನ್ನು ಕುಗ್ಗಿಸಿತೆಂಬ ಮಾತಿಗೆ ಸೂಚನೆಗಳಿವೆ, ಸಿದ್ಧಪ್ರಮಾಣವಿಲ್ಲ.

ಈ ಅಂಕಿಗಳನ್ನು ಬಳಸುವವರು ತಪ್ಪಿದ ಪಂದ್ಯಗಳ ಪಕ್ಕದಲ್ಲಿ ಆಟಗಾರ ಅಲಭ್ಯನಿದ್ದ ದಿನಗಳ ಸಂಖ್ಯೆಯನ್ನೂ, ಹೊರಗುಳಿದ ಕಾರಣ ಗಾಯವೋ ವಿಶ್ರಾಂತಿಯೋ ಎಂಬುದನ್ನೂ ಪ್ರತ್ಯೇಕ ಕಾಲಮ್ಮಿನಲ್ಲಿ ದಾಖಲಿಸಬೇಕು. ಅದಿಲ್ಲದ ಹೋಲಿಕೆಗಳಲ್ಲಿ ಆ ಋತುವಿನ ವೇಳಾಪಟ್ಟಿ ಯಾವುದೆಂದು ಹೇಳುವುದು ಕನಿಷ್ಠ ಅಗತ್ಯ.