ಬಳ್ಳಿಗುಲಾಬಿಗೆ ಚಳಿಗಾಲ ತಂದವರು

ಗುಲಾಬಿಯನ್ನು ಚಳಿಗಾಲದಲ್ಲಿ ಸವರಬೇಕೆಂಬ ನಿಯಮ ಯುರೋಪಿನ ತೋಟಗಳದು. ಅಲ್ಲಿ ಹಿಮ ಬೀಳುತ್ತದೆ, ಎಲೆ ಉದುರುತ್ತದೆ, ಗಿಡ ನಿದ್ದೆಹೋಗುತ್ತದೆ. ಹಂಸಭಾವಿಯ ಚಳಿ ಅಂಥದಲ್ಲ. ಇಲ್ಲಿ ಚಪ್ಪರಕ್ಕೆ ಹಬ್ಬಿದ ಗುಲಾಬಿಗೆ ನಿದ್ದೆಯೇ ಇಲ್ಲ.

ಇದಕ್ಕೆ ನಮ್ಮ ದೇಶದ ಮಾಲಿಗಳು ಒಂದು ಉಪಾಯ ಮಾಡಿದರು. ಮಳೆಗಾಲ ಮುಗಿದೊಡನೆ ನೀರು ನಿಲ್ಲಿಸಿ, ಬುಡದ ಮಣ್ಣನ್ನು ಸುಮಾರು ಗೇಣು ಆಳ ಬಿಡಿಸಿ, ಬೇರುಗಳನ್ನು ಕೆಲವು ದಿನ ಗಾಳಿ ಬಿಸಿಲಿಗೆ ಒಡ್ಡುವುದು. ಎಲೆ ಹಳದಿಯಾಗಿ ಉದುರಿದರೆ ಚಳಿಗಾಲ ಬಂದಂತೆಯೇ! ಆಮೇಲೆ ಸವರಿ, ಗೊಬ್ಬರ ಹಾಕಿ, ಮಣ್ಣು ಮುಚ್ಚಿ ನೀರುಣಿಸುವುದು. ದಾಳಿಂಬೆಗೆ ಬಹಾರ ಹಿಡಿಸುವವರ ಜಾಡೂ ಇದೇ.

ಆದರೆ ಎಲ್ಲ ಗುಲಾಬಿಗಳೂ ಚಳಿನಾಡಿನವಲ್ಲ. 1864ರಲ್ಲಿ ಫ್ರಾನ್ಸಿನಲ್ಲಿ ಬೆಳಕಿಗೆ ಬಂದ ಹಳದಿ ಬಳ್ಳಿ ‘ಮರೆಷಾಲ್ ನೀಲ್’ ಎಷ್ಟು ಸೂಕ್ಷ್ಮವೆಂದರೆ, ಇಂಗ್ಲೆಂಡಿನಲ್ಲಿ ಅದನ್ನು ಗಾಜಿನ ಮನೆಯಲ್ಲಿ ಕಾಪಾಡುತ್ತಿದ್ದರು. ಚಳಿಯನ್ನೇ ತಾಳದ ಇಂಥ ಬಳ್ಳಿಗೆ ಕೃತಕ ಚಳಿಗಾಲವೇಕೆ? ಬೇರು ಬಿಡಿಸುವಾಗ ನೀರು ಹೀರುವ ಎಳೆಬೇರುಗಳು ಹರಿಯುತ್ತವೆ. ಆ ಪದ್ಧತಿಯನ್ನು ಕೈಬಿಡುವುದೇ ಲೇಸು.

ಬಲಿತ ಬಳ್ಳಿಗೆ ಸ್ವಾತಿ ಮಳೆ ಕಳೆದ ಮೇಲೆ ಕತ್ತರಿ ಹಿಡಿದರೆ ಸಾಕು. ಒಣಗಿದ, ಮುದಿಯಾದ ಟೊಂಗೆಗಳನ್ನು ಬುಡದಲ್ಲೇ ತೆಗೆಯಬೇಕು; ಗಟ್ಟಿಯಾದ ಉದ್ದ ಟೊಂಗೆಗಳನ್ನು ಮೊಟಕುಗೊಳಿಸದೆ ಅಡ್ಡಲಾಗಿ ಬಾಗಿಸಿ ಕಟ್ಟಬೇಕು. ನೆಟ್ಟಗಿದ್ದರೆ ತುದಿಯ ಕಣ್ಣು ಮಾತ್ರ ಚಿಗುರುತ್ತದೆ, ಬಾಗಿಸಿದರೆ ಉದ್ದಕ್ಕೂ ಕಣ್ಣೊಡೆಯುತ್ತದೆ. ಪಕ್ಕದ ಕವಲುಗಳಲ್ಲಿ ಎರಡು ಮೂರು ಕಣ್ಣು ಉಳಿಸಿದರಾಯಿತು. ವರ್ಷಕ್ಕೊಮ್ಮೆ ಮಾತ್ರ ಹೂಬಿಡುವ ಬಳ್ಳಿಯಾದರೆ ಹೂ ಮುಗಿಯುವವರೆಗೆ ಕಾಯಬೇಕು. ಅದು ಹೂಬಿಡುವುದು ಹಿಂದಿನ ವರ್ಷದ ಟೊಂಗೆಯಲ್ಲೇ.